ಸಿದ್ದರಾಜುನ ಕರೆಯಿರಿ

ಜೆ.ಪಿ. ನಗರದ ಎರಡನೇ ಹಂತದಲ್ಲಿ ಉಗ್ರಪ್ಪನವರ ಲೇಬಲ್ ಕಾರ್ಖಾನೆ ಇತ್ತು. ಅಂಗಿಯ ಕತ್ತಿನ ಹಿಂದೆ ಕೂತು ಇಡೀ ದಿನ ಕೆರೆಯುತ್ತದಲ್ಲ, ಸೈಜು ಎಷ್ಟು, ಬಿಸಿನೀರಲ್ಲಿ ಒಗೆಯಬಹುದೋ ಇಲ್ಲವೋ ಅಂತ ಬರೆದಿರುವ ಆ ಸ್ಯಾಟಿನ್ ಪಟ್ಟಿ, ಅದನ್ನು ಅಚ್ಚು ಹಾಕುವ ಜಾಗ. ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನವರೆಲ್ಲ ಗಿರಾಕಿಗಳು. 1996ರ ಹೊತ್ತಿಗೆ ಭೂಮಿಯ ಮೇಲಿನ ಅರ್ಧ ಜನರ ಕತ್ತು ಕೆರೆಯುತ್ತಿದ್ದದ್ದು ಈ ಕಾರ್ಖಾನೆಯಿಂದಲೇ. ಉಳಿದ ಅರ್ಧ ಜನ ಅಂಗಿ ಹಾಕುತ್ತಿರಲಿಲ್ಲ.

ಆ ಕಾರ್ಖಾನೆಯ ಮೆದುಳು ಹನುಮಂತನಗರದ ಸಿದ್ದರಾಜು. ಇದು ಬೇರೆಯವರು ಹೇಳಿದ್ದಲ್ಲ, ಸಿದ್ದರಾಜುವೇ ಹೇಳಿದ್ದು, ಆದ್ದರಿಂದ ಅನುಮಾನಕ್ಕೆ ಜಾಗವಿಲ್ಲ. ಆರು ವರ್ಷದ ಹಿಂದೆ ಲೇಬಲ್ ಅಚ್ಚು ಹಾಕುವ ಪ್ರೋಗ್ರಾಂ ಅನ್ನು ಸಿ ಭಾಷೆಯಲ್ಲಿ ಒಂದೊಂದು ಅಕ್ಷರವನ್ನೂ ಕೈಯಾರೆ ಬರೆದಿದ್ದ. ಅದನ್ನು ಓಡಿಸಬೇಕಾದರೆ ಆಪರೇಟರ್ ಹೆಂಗಸರು ಪರದೆಯ ಮೇಲೆ ಒಂದೇ ಒಂದು ಸಾಲು ಬರೆಯಬೇಕಿತ್ತು. ಮೊದಲು ಪ್ರೋಗ್ರಾಮಿನ ಹೆಸರು. ಆಮೇಲೆ ಒಂದೊಂದು ಅಡ್ಡಗೀಟು, ಗೀಟಿನ ಬೆನ್ನಿಗೆ ಒಂದು ಅಕ್ಷರ, ಅಕ್ಷರದ ಬೆನ್ನಿಗೆ ಒಂದು ಅಂಕಿ. -w ಅಂದರೆ ನೀರು ಎಷ್ಟು ಬಿಸಿ ಇರಬೇಕು, -n ಅಂದರೆ ಎಷ್ಟು ಲೇಬಲ್ಲು, -s ಅಂದರೆ ಸೈಜು, -i ಅಂದರೆ ಇಸ್ತ್ರಿ, -c ಅಂದರೆ ಬಣ್ಣ. ಕೊನೆಗೆ ಗಿರಾಕಿಯ ವಿವರ ಇರುವ ಫೈಲಿನ ಹೆಸರು. ಈ ಸಾಲನ್ನು ಬಿಡಿಸಿ ಯಾವುದು ಗೀಟಿನ ಮಾತು, ಯಾವುದು ಅಂಕಿ, ಯಾವುದು ಫೈಲು ಅಂತ ತಿಳಿದುಕೊಳ್ಳುವುದಕ್ಕೇ ಸಿದ್ದರಾಜು ಏಳುನೂರ ನಲವತ್ತು ಸಾಲು ಬರೆದಿದ್ದ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿ ಹಾಸಿದ್ದರೆ ಬನಶಂಕರಿ ದೇವಸ್ಥಾನದಿಂದ ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್‌ವರೆಗೆ ಬರುತ್ತಿತ್ತು, ಮಿಕ್ಕಿದ್ದರಲ್ಲಿ ಊರಿಗೆಲ್ಲ ಬೋಂಡ ಕಟ್ಟಿಕೊಡಬಹುದಿತ್ತು.

ಒಂದೇ ತೊಡಕು. ಆ ಗೀಟುಗಳನ್ನು ಸಿದ್ದರಾಜು ಹೇಳಿದ ಕ್ರಮದಲ್ಲೇ ಹಾಕಬೇಕು. ಮೊದಲು w, ಆಮೇಲೆ n, ಆಮೇಲೆ s, i, ಕೊನೆಗೆ c. ಯಾಕೆ ಈ ಕ್ರಮ ಅಂದರೆ, ಬರೆಯುವಾಗ ಅವನ ತಲೆಗೆ ಹೊಳೆದದ್ದು ಹಾಗೆ, ಅಷ್ಟೆ. ಒಂದು ಹಿಂದುಮುಂದಾದರೂ ಪ್ರೋಗ್ರಾಂ ಕೆಲಸ ನಿಲ್ಲಿಸಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿತ್ತು: "ತಪ್ಪು. ಸಿದ್ದರಾಜುನ ಕರೆಯಿರಿ."

ಕರೆಯುತ್ತಿದ್ದರು. ದಿನಕ್ಕೆ ನಲವತ್ತು ಸಲ ಕರೆಯುತ್ತಿದ್ದರು. ಅತಿ ಹೆಚ್ಚು ಕರೆಯುತ್ತಿದ್ದವಳು ಗದಗದ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ರೇಣವ್ವ. "ಸಿದ್ದರಾಜು ಸರ್, ಮತ್ತ ಬೈತೈತ್ರಿ ಇದು" ಅಂತ ಅವಳು ಕೂಗಿದರೆ ಸಿದ್ದರಾಜು ಕೋಣೆಯಿಂದ ಕೈ ಹಿಂದೆ ಕಟ್ಟಿಕೊಂಡು ಹೊರಡುತ್ತಿದ್ದ. ಆ ಹದಿನೈದು ಹೆಜ್ಜೆಗೆ ಮೈಸೂರಿನ ಜಂಬೂಸವಾರಿ ನಾಚಬೇಕು. ಪರದೆಗೆ ಬಗ್ಗಿ, "ಹೂಂ" ಅಂದು, s ಅನ್ನು i ಮುಂದೆ ತಂದು ಗುಂಡಿ ಒತ್ತಿದರೆ ಯಂತ್ರ ಪಟಪಟ ಅಂತ ಲೇಬಲ್ಲು ಉಗುಳುತ್ತಿತ್ತು. "ಅದು ಹೆಂಗ ನೆನಪ ಇಟ್ಕೊಂತೀರಿ ಸರ್" ಅಂತ ರೇಣವ್ವ ಅಂದಾಗಲೆಲ್ಲ ಅವನ ಕಾಲರಿನ ಒಳಗಿನ ಲೇಬಲ್ಲು ಕೂಡ ಹೆಮ್ಮೆಯಿಂದ ಕೆರೆಯುವುದು ನಿಲ್ಲಿಸುತ್ತಿತ್ತು.

ಆರು ವರ್ಷದಲ್ಲಿ ಅವನನ್ನು ಒಂದು ಸಲವೂ ಕರೆಯದವಳು ಮುನಿಯಕ್ಕ ಒಬ್ಬಳೇ. ಎಲ್ಲರಿಗಿಂತ ಹಳೆಯ ಆಪರೇಟರ್, ಎಂಟನೇ ಕ್ಲಾಸು. ಅವಳದು ಬೇರೆಯೇ ಲೆಕ್ಕಾಚಾರ. ಸಾಲು ಬರೆಯುವಾಗ ತುಟಿಯಲ್ಲೇ ಗುನುಗುತ್ತಿದ್ದಳು: "ನೀರು ಕಾಯ್ಸು, ಬಟ್ಟೆ ಎಣಿಸು, ದೊಡ್ದು ಚಿಕ್ದು ಬೇರೆ ಮಾಡು, ಇಸ್ತ್ರಿದು ಎತ್ತಿಡು, ಬಣ್ಣ ಬಿಡೋದು ಕೊನೇಲಿ ಹಾಕು." ಬಟ್ಟೆ ಒಗೆಯುವ ಕ್ರಮ ಅದು. ಅವಳ ಬೆರಳಿಗೆ ತಪ್ಪೇ ಗೊತ್ತಿರಲಿಲ್ಲ. ಇದನ್ನು ಸಿದ್ದರಾಜು ಒಂದು ಬಗೆಯ ಅಹಂಕಾರ ಅಂತ ತಿಳಿದು, ಅವಳ ಟೇಬಲ್ಲಿನ ಕಡೆ ಹೋಗುವುದನ್ನೇ ಬಿಟ್ಟಿದ್ದ.

ಇನ್ನು ಆಯುಧಪೂಜೆ. ಅಲ್ಲಿ ಸಿದ್ದರಾಜುವಿನ ಕಿರೀಟ ಇದ್ದದ್ದು. ಹಬ್ಬದ ದಿನ ಯಂತ್ರಗಳಿಗೆ ವಿಭೂತಿ ಕುಂಕುಮ ಹಚ್ಚಿ, ಉಗ್ರಪ್ಪನವರೇ ಮಂಗಳಾರತಿ ಎತ್ತಿ, ಕರ್ಪೂರ ಆರುವುದರೊಳಗೆ ವರ್ಷದ ಮೊದಲ ಲೇಬಲ್ಲು ಹೊರಗೆ ಬರಬೇಕು. ಅದರಲ್ಲಿ ಗಣಪತಿಯ ಹೆಸರು. ಆ ಲೇಬಲ್ಲನ್ನು ದೇವರ ಪಟಕ್ಕೆ ಅಂಟಿಸುತ್ತಾರೆ, ಅದು ಮುಂದಿನ ಹಬ್ಬದವರೆಗೆ ಅಲ್ಲೇ ಇರುತ್ತದೆ. ಆ ಸಾಲನ್ನು ಬರೆಯುವ ಕುರ್ಚಿ ಪ್ರೋಗ್ರಾಂ ಬರೆದವನದು. ಆರು ವರ್ಷ, ಆರು ಲೇಬಲ್ಲು, ಆರು ಸಲವೂ ಸಿದ್ದರಾಜು.

ಹೀಗಿರುವಾಗ ಜುಲೈ ತಿಂಗಳಲ್ಲಿ ಗಿರಿನಗರದಿಂದ ಸಂಘಮಿತ್ರಾ ಅನ್ನುವ ಹುಡುಗಿ ಕೆಲಸಕ್ಕೆ ಬಂದಳು. ಇಪ್ಪತ್ಮೂರು ವರ್ಷ, ಹೆಗಲಿಗೆ ಜೋಳಿಗೆಯಂಥ ಹಸಿರು ಚೀಲ, ಮಾತು ಕಡಿಮೆ. ಲೇಬಲ್ಲಿಗೆ ಇನ್ನೊಂದು ಗೀಟು ಸೇರಿಸಬೇಕು, ಎರಡೂ ಬದಿಗೆ ಅಚ್ಚು ಹಾಕುವುದಕ್ಕೆ, ಅಂತ ಉಗ್ರಪ್ಪನವರು ಹೇಳಿದರು. ಅವಳು ಸಿದ್ದರಾಜುವಿನ ಏಳುನೂರ ನಲವತ್ತು ಸಾಲನ್ನು ಒಂದು ದಿನ ನೋಡಿದಳು. ಎರಡನೇ ದಿನ ನೋಡಲಿಲ್ಲ. ಮೂರನೇ ದಿನ ಅರವತ್ತು ಸಾಲಿನ ಹೊಸ ಪ್ರೋಗ್ರಾಂ ತಂದು, "ಯಾವ ಕ್ರಮದಲ್ಲಾದ್ರೂ ಹಾಕಬಹುದು ಈಗ" ಅಂದಳು.

ರೇಣವ್ವ ಬಣ್ಣ ಮೊದಲು ಹಾಕಿ ನೋಡಿದಳು. ಬಂತು. ಇಸ್ತ್ರಿ ಮೊದಲು ಹಾಕಿದಳು. ಬಂತು. ಹಿಂದಿನಿಂದ ಮುಂದಕ್ಕೆ ಹಾಕಿದಳು. ಆಗಲೂ ಬಂತು. "ಯವ್ವಾ, ಇದು ಬೈಯೂದ ಬಿಟ್ಟೈತಿ" ಅಂತ ಅವಳು ನಕ್ಕದ್ದು ಕೋಣೆಯೊಳಗಿದ್ದ ಸಿದ್ದರಾಜುವಿನ ಕಿವಿಗೆ ಬಿತ್ತು.

ಮುನಿಯಕ್ಕ ಮಾತ್ರ ಹಳೇ ಕ್ರಮದಲ್ಲೇ ಬರೆಯುತ್ತಿದ್ದಳು. "ಹೆಂಗ್ ಬೇಕಾದ್ರೂ ಹಾಕ್ಬಹುದು ಮುನಿಯಕ್ಕ" ಅಂತ ಸಂಘಮಿತ್ರಾ ಹೇಳಿದರೆ, "ನೀರು ಕಾಯಿಸ್ದೆ ಬಟ್ಟೆ ಯಾರಮ್ಮ ನೆನೆಸ್ತಾರೆ" ಅಂದಳು.

ಅಂದಿನಿಂದ ಸಿದ್ದರಾಜುವಿನ ಹೊಟ್ಟೆಯೊಳಗೆ ಒಂದು ಒಲೆ ಹೊತ್ತಿಕೊಂಡಿತು. ಅದರ ಕಾವಿಗೆ ಡಬ್ಬಿಯಲ್ಲಿದ್ದ ಮೊಸರನ್ನ ಹನ್ನೊಂದು ಗಂಟೆಗೇ ಹುಳಿಯಾಗುತ್ತಿತ್ತು. ನಲವತ್ತು ಕರೆ ಹತ್ತಾಯಿತು, ಹತ್ತು ಎರಡಾಯಿತು, ಆಗಸ್ಟ್ ಮುಗಿಯುವಷ್ಟರಲ್ಲಿ ಸೊನ್ನೆ. ಇಂಟರ್‌ಕಾಮ್ ಕೆಟ್ಟಿದೆಯೇನೋ ಅಂತ ಆಗಾಗ ಎತ್ತಿ ಕಿವಿಗೆ ಹಿಡಿದು ನೋಡುತ್ತಿದ್ದ. ಕೆಟ್ಟಿರಲಿಲ್ಲ. ಒಂದು ದಿನ ಸುಮ್ಮನೆ ಕೈ ಹಿಂದೆ ಕಟ್ಟಿಕೊಂಡು ಹದಿನೈದು ಹೆಜ್ಜೆ ನಡೆದು ರೇಣವ್ವನ ಹಿಂದೆ ನಿಂತ. "ಏನಾರ ಬೇಕಾಗಿತ್ತೇನ್ರಿ ಸರ್" ಅಂದಳು ಅವಳು, ತಿರುಗದೆ. ಬೇಕಾಗಿದ್ದನ್ನು ಹೇಳುವ ಹಾಗಿರಲಿಲ್ಲ. ವಾಪಸು ನಡೆದ. ಬರುವಾಗ ಹದಿನೈದಿದ್ದ ಹೆಜ್ಜೆ ಹೋಗುವಾಗ ಐವತ್ತಾಯಿತು.

ಸಂಘಮಿತ್ರಾಳ ಪ್ರೋಗ್ರಾಂ ಅನ್ನು ಬಿಚ್ಚಿ ಓದಿದ. ಸಾಲು ಬಿಡಿಸುವ ಕೆಲಸವೆಲ್ಲ ಒಂದು ಕಡೆ ಇತ್ತು, getopt ಅಂತ ಒಂದೇ ಪದ. ಪಕ್ಕದಲ್ಲಿ ಉಲ್ಲೇಖ ಚಿಹ್ನೆಯೊಳಗೆ ಅಕ್ಷರಗಳ ಒಂದು ಸಾಲು, ಅಂಕಿ ಬೇಕಾದ ಅಕ್ಷರದ ಪಕ್ಕದಲ್ಲಿ ಎರಡು ಚುಕ್ಕಿ. ಮುಗೀತು. ಆ getopt ಒಳಗೆ ಏನಿದೆ ಅಂತ ಹುಡುಕಿದರೆ ಅವಳ ಫೈಲಿನಲ್ಲಿ ಎಲ್ಲೂ ಇಲ್ಲ. ಬಚ್ಚಿಟ್ಟಿದ್ದಾಳೆ ಅಂತ ತೀರ್ಮಾನಿಸಿದ. ಎರಡು ದಿನ ಯಂತ್ರದ ಮೂಲೆಮೂಲೆ ಜಾಲಾಡಿದ. ಸಿಗದಿದ್ದಾಗ ಅವಳ ಟೇಬಲ್ಲಿಗೇ ಹೋದ.

"ನೋಡಮ್ಮ, ಕಂಪನಿ ಅಂದ್ಮೇಲೆ ಬರೆದಿದ್ದನ್ನೆಲ್ಲ ತೋರಿಸ್ಬೇಕು. ಆ ಗೆಟ್‌ಆಪ್ಟ್ ಎಲ್ಲಿಟ್ಟಿದೀಯ?"

"ನಾನು ಬರೆದಿಲ್ಲ ಸಾರ್. ಅದು ಯಂತ್ರದ ಜೊತೇಲೇ ಬಂದಿರೋದು. ಲೈಬ್ರರಿಲಿ ಇದೆ."

"ಯಾವಾಗಿಂದ?"

"ಮೊದಲಿಂದಾನೂ. ಮ್ಯಾನ್ಯುಯಲ್ಲಲ್ಲಿ ಇದೆಯಲ್ಲ ಸಾರ್."

"ಯಾವ ಮ್ಯಾನ್ಯುಯಲ್ಲು?"

ಅವಳು ಅವನ ಕೋಣೆಯ ಕಡೆ ನೋಡಿದಳು. ಅಲ್ಲಿ ಸಿದ್ದರಾಜುವಿನ ಮಾನಿಟರ್ ಕಣ್ಣಿನ ಎತ್ತರಕ್ಕೆ ಬರಲಿ ಅಂತ ಅದರ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟಿದ್ದರು. ಆರು ವರ್ಷದಿಂದ, ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ. ಅಂದರೆ ಏಳುನೂರ ನಲವತ್ತು ಸಾಲನ್ನು ಅವನು ಬೆವರು ಹರಿಸಿ ಬರೆಯುತ್ತಿದ್ದಾಗ, ಒಂದು ಸಾಲಿನ ಉತ್ತರ ಅವನ ಮೂಗಿನಿಂದ ಒಂದು ಗೇಣು ಕೆಳಗೆ ಮಾನಿಟರ್ ಹೊತ್ತುಕೊಂಡು ಮಲಗಿತ್ತು.

ಅವಳು ನಗಲಿಲ್ಲ. ನಕ್ಕಿದ್ದರೆ ಸಿದ್ದರಾಜು ಕ್ಷಮಿಸಿಬಿಡುತ್ತಿದ್ದ. ಅವತ್ತು ಅವನ ಹೊಟ್ಟೆ ಉರಿದ ಹೊಗೆ ಜಯನಗರದವರೆಗೂ ಹೋಗಿ, ಅಲ್ಲಿನವರು ಒಣಹಾಕಿದ ಬಟ್ಟೆ ಎತ್ತಿಕೊಂಡರು.

ಆದರೂ ಒಂದು ಗುಟ್ಟಿತ್ತು, ಇದನ್ನು ಸಿದ್ದರಾಜು ಹೆಂಡತಿಗೂ ಹೇಳಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಅವನೂ ಅವಳ ಪ್ರೋಗ್ರಾಂ ಅನ್ನೇ ಬಳಸತೊಡಗಿದ್ದ. ಸುಲಭವಾಗಿತ್ತು, ಏನು ಮಾಡುವುದು.

ಅಕ್ಟೋಬರ್ ಬಂತು. ಉಗ್ರಪ್ಪನವರು ಕೋಣೆಗೆ ಬಂದು, ಮೇಜಿನ ಮೇಲಿದ್ದ ಪೆನ್ನನ್ನು ಮೂರು ಸಲ ಆ ಕಡೆ ಈ ಕಡೆ ಇಟ್ಟು, ಹೇಳಿದರು: "ಸಿದ್ದರಾಜು, ಈ ಸಲ ಪೂಜೆಗೆ ಆ ಹುಡುಗಿ ಕೂರಲಿ ಕಣ್ರೀ. ಪ್ರೋಗ್ರಾಂ ಬರೆದೋರು ಕೂರೋದು ನಮ್ಮ ಪದ್ಧತಿ, ಅಲ್ವಾ? ಪದ್ಧತಿ ಮಾಡಿದ್ದೂ ನೀವೇ."

"ಅಯ್ಯೋ, ಅದಕ್ಕೇನ್ ಸಾರ್, ಕೂರ್ಲಿ" ಅಂದ ಸಿದ್ದರಾಜು. ಆ ಮಾತು ಆಡುವಾಗ ಅವನ ಹಲ್ಲು ಕಡಿದ ಸದ್ದಿಗೆ ಉಗ್ರಪ್ಪನವರು ಹೊರಗೆ ಲಾರಿ ಬಂತೇನೋ ಅಂತ ಕಿಟಕಿಯಲ್ಲಿ ಇಣುಕಿದರು.

ಹಬ್ಬಕ್ಕೆ ಮೂರು ದಿನ ಇದ್ದಾಗ, ಗಣಪತಿಯ ಫೈಲನ್ನು ಕೊನೇ ಸಲ ಕಣ್ತುಂಬ ನೋಡೋಣ ಅಂತ ತೆಗೆದ. ಆ ಫೈಲಿನ ಹೆಸರು -ganapa. ಮುಂದೆ ಒಂದು ಗೀಟು. ಅದಕ್ಕೂ ಕಾರಣವಿತ್ತು. ಯಂತ್ರ ಫೈಲುಗಳ ಪಟ್ಟಿ ತೋರಿಸುವಾಗ ಗೀಟಿನಿಂದ ಶುರುವಾಗುವ ಹೆಸರು ಅಂಕಿ ಅಕ್ಷರ ಎಲ್ಲಕ್ಕಿಂತ ಮೇಲೆ ಬರುತ್ತದೆ. ದೇವರು ಗಿರಾಕಿಗಳ ನಡುವೆ ಎಲ್ಲೋ ಸಿಕ್ಕಿಹಾಕಿಕೊಳ್ಳಬಾರದು, ಪಟ್ಟಿಯಲ್ಲಿ ಮೊದಲು ಬರಬೇಕು ಅಂತ ಆರು ವರ್ಷದ ಹಿಂದೆ ಸಿದ್ದರಾಜು ಭಕ್ತಿಯಿಂದ ಆ ಗೀಟು ಇಟ್ಟಿದ್ದ. ಅವನ ಹಳೇ ಪ್ರೋಗ್ರಾಂ ಕೊನೇ ಪದ ಏನಿದ್ದರೂ ಅದೇ ಫೈಲು ಅಂತ ಕಣ್ಣುಮುಚ್ಚಿ ಒಪ್ಪುತ್ತಿತ್ತು.

ಸುಮ್ಮನೆ ಹೊಸ ಪ್ರೋಗ್ರಾಮಿಗೆ ಆ ಹೆಸರು ಕೊಟ್ಟ. ಪರದೆಯ ಮೇಲೆ ಬಂತು: illegal option -- g.

ಸಿದ್ದರಾಜು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಗೀಟು ಕಂಡ ಕೂಡಲೇ ಅವಳ ಪ್ರೋಗ್ರಾಂ ಅದನ್ನು ಫೈಲು ಅಂತ ನೋಡುವುದೇ ಇಲ್ಲ, g ಅನ್ನುವ ಆಜ್ಞೆ ಅಂತ ತಿಳಿಯುತ್ತದೆ, ಅಂಥ ಆಜ್ಞೆ ಇಲ್ಲ ಅಂತ ಮುನಿಸಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಳಸುವ ಫೈಲು, ಅವಳು ನೋಡಿಯೇ ಇರಲಿಲ್ಲ. ಎಲ್ಲರೆದುರು, ಕರ್ಪೂರ ಉರಿಯುವಾಗ ನೋಡಲಿದ್ದಾಳೆ.

ಹೇಳಬಹುದಿತ್ತು. ಹದಿನೈದು ಹೆಜ್ಜೆ ನಡೆದು, "ಅಮ್ಮಾ, ಇದೊಂದು ನೋಡು" ಅಂದಿದ್ದರೆ ಆಗುತ್ತಿತ್ತು. ಹೇಳಲಿಲ್ಲ. ಮೂರು ದಿನ ಸಿದ್ದರಾಜು ನೆಲ ಮುಟ್ಟದೆ ಓಡಾಡಿದ. ಮೊಸರನ್ನ ಸಿಹಿಯಾಯಿತು. ಲೂನಾ ಹತ್ತಿ ಹನುಮಂತನಗರದ ಏರನ್ನು ಪೆಡಲ್ ಒತ್ತದೆ ಏರಿದ. ಹೆಂಡತಿಗೆ ಎರಡು ಮೊಳ ಮಲ್ಲಿಗೆ ತಂದ. ಅವಳು ಏನು ತಪ್ಪು ಮಾಡಿ ಬಂದಿದ್ದಾನೋ ಅಂತ ಎರಡು ಸಲ ಕೇಳಿದಳು. ತನ್ನ ಹಳೇ ಪ್ರೋಗ್ರಾಮಿನ ಒಂದು ಪ್ರತಿಯನ್ನು ಯಾರೂ ಅಳಿಸದ ಹಾಗೆ ಬೀಗ ಹಾಕಿ ಇಟ್ಟುಕೊಂಡ. ಅವಳು ಒದ್ದಾಡಬೇಕು, ಉಗ್ರಪ್ಪನವರು ಅವನ ಕಡೆ ತಿರುಗಬೇಕು, ಆಗ ಅವನು ಎದ್ದು ಬರಬೇಕು. ಮನಸ್ಸಿನಲ್ಲಿ ನೂರು ಸಲ ಎದ್ದು ಬಂದ.

ಹಬ್ಬದ ದಿನ ಕಾರ್ಖಾನೆ ಚೆಂಡುಹೂವಿನಲ್ಲಿ ಮುಳುಗಿತ್ತು. ಪ್ರತಿ ಮಾನಿಟರಿನ ಹಣೆಗೂ ಮೂರು ಗೆರೆ ವಿಭೂತಿ. ಸಂಘಮಿತ್ರಾ ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. ಉಗ್ರಪ್ಪನವರು ಕರ್ಪೂರ ಹಚ್ಚಿ, "ಹಾಕಮ್ಮ" ಅಂದರು.

ಹಾಕಿದಳು. illegal option -- g.

ಅಳಿಸಿ ಇನ್ನೊಂದು ಸಲ ನಿಧಾನವಾಗಿ ಬರೆದಳು. ಅದೇ ಬಂತು. ಉಗ್ರಪ್ಪನವರು ಕನ್ನಡಕ ಮೇಲೇರಿಸಿ ಓದಿ, "ಗಣಪತಿ ಇಲ್ಲೀಗಲ್ಲಾ?" ಅಂದರು. ಸಂಘಮಿತ್ರಾಳ ಕಿವಿಯ ತುದಿ ಕೆಂಪಾಯಿತು.

"ಸ್ವಲ್ಪ ಸರೀತೀಯೇನಮ್ಮ" ಅಂತ ಸಿದ್ದರಾಜು ಮುಂದೆ ಬಂದ. ಮನಸ್ಸಿನಲ್ಲಿ ಬಂದಿದ್ದ ನೂರು ಸಲಕ್ಕಿಂತಲೂ ಚೆನ್ನಾಗಿ ಬಂದ. ಕುರ್ಚಿಯಲ್ಲಿ ಕೂತು, ಬೆರಳು ನೆಟಿಗೆ ತೆಗೆದು, ಹಳೇ ಪ್ರೋಗ್ರಾಮಿನ ಹೆಸರು ಬರೆದು, ಸೈಜು, ನೀರು, ಎಷ್ಟು, ಬಣ್ಣ, ಇಸ್ತ್ರಿ, ಗಣಪತಿ ಅಂತ ಸರಸರ ಬರೆದು ಗುಂಡಿ ಒತ್ತಿದ.

"ತಪ್ಪು. ಸಿದ್ದರಾಜುನ ಕರೆಯಿರಿ."

ಸಿದ್ದರಾಜು ನೀರನ್ನು ಮೊದಲು ತಂದ. ನೀರು, ಸೈಜು, ಎಷ್ಟು...

"ತಪ್ಪು. ಸಿದ್ದರಾಜುನ ಕರೆಯಿರಿ."

ಮೂರು ತಿಂಗಳು ಅವಳ ಪ್ರೋಗ್ರಾಂ ಬಳಸಿ ಬಳಸಿ ಅವನ ಬೆರಳಿಗೆ ಕ್ರಮವೇ ಮರೆತುಹೋಗಿತ್ತು. ಇಸ್ತ್ರಿ ಮೊದಲೋ ಬಣ್ಣ ಮೊದಲೋ? ಬೆನ್ನ ಮೇಲೆ ಬೆವರು ಇಳಿಯಿತು, ಅದರ ಹರಿವಿಗೆ ಸಾರಕ್ಕಿ ಕೆರೆ ಕೋಡಿ ಬೀಳಬೇಕಿತ್ತು. ಮೂರನೇ ಸಲ ಗುಂಡಿ ಒತ್ತಿದ.

"ತಪ್ಪು. ಸಿದ್ದರಾಜುನ ಕರೆಯಿರಿ."

ಆರು ವರ್ಷದ ಅಭ್ಯಾಸ ಎಲ್ಲಿಗೆ ಹೋದೀತು. ಹಿಂದಿನಿಂದ ರೇಣವ್ವನ ಬಾಯಿ ತಾನಾಗಿ ತೆರೆದುಕೊಂಡಿತು: "ಸಿದ್ದರಾಜು ಸರ್, ಸ್ವಲ್ಪ ಬರ್ರಿ ಇಲ್ಲಿ."

ಎಲ್ಲರೂ ನಕ್ಕರು. ಕರ್ಪೂರ ಕಾಳಿನಷ್ಟು ಉಳಿದಿತ್ತು. ಆಗ ಮುನಿಯಕ್ಕ ಕುಂಕುಮದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, "ಏಳಿ ಸಾರ್" ಅಂದಳು. ಎದ್ದ. ಅವಳು ಕೂರಲೂ ಇಲ್ಲ, ನಿಂತೇ ಎರಡು ಬೆರಳಲ್ಲಿ ಬರೆದಳು. "ನೀರು ಕಾಯ್ಸು, ಬಟ್ಟೆ ಎಣಿಸು, ದೊಡ್ದು ಚಿಕ್ದು ಬೇರೆ ಮಾಡು, ಇಸ್ತ್ರಿದು ಎತ್ತಿಡು, ಬಣ್ಣ ಬಿಡೋದು ಕೊನೇಲಿ ಹಾಕು. ಗಣಪ್ಪ, ಬಾರಪ್ಪ." ಯಂತ್ರ ಒಂದು ಸಲ ಗೊಣಗಿ, ಬಿಳೀ ಸ್ಯಾಟಿನ್ ಪಟ್ಟಿಯನ್ನು ಹೊರಗೆ ಚಾಚಿತು. ಕರ್ಪೂರ ಅದನ್ನು ನೋಡಿಯೇ ಆರಿತು.

ಉಗ್ರಪ್ಪನವರು ಲೇಬಲ್ಲನ್ನು ಕಣ್ಣಿಗೊತ್ತಿಕೊಂಡು ಪಟಕ್ಕೆ ಅಂಟಿಸಿ, "ಇನ್ಮೇಲೆ ಪ್ರತಿ ವರ್ಷ ಮುನಿಯಕ್ಕಾನೇ" ಅಂದರು. ಚಪ್ಪಾಳೆ ಬಿತ್ತು.

ಸಿದ್ದರಾಜು ಪಕ್ಕಕ್ಕೆ ತಿರುಗಿದ. ಸಂಘಮಿತ್ರಾ ಮುನಿಯಕ್ಕನನ್ನೇ ನೋಡುತ್ತಿದ್ದಳು. ತುಟಿ ಬಿಗಿದಿತ್ತು, ಮೂಗಿನ ಹೊಳ್ಳೆ ಸ್ವಲ್ಪ ಅರಳಿತ್ತು. ಆ ಮುಖ ಅವನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಅದಕ್ಕೇ ಕ್ಷೌರ ಮಾಡುತ್ತಿದ್ದ.

"ಟೀ ಕುಡೀತೀಯೇನಮ್ಮ" ಅಂದ.

ಎದುರಿನ ಅಂಗಡಿಯಲ್ಲಿ ಇಬ್ಬರೂ ನಿಂತರು. ರಸ್ತೆಯಲ್ಲಿ ಒಡೆದ ಬೂದುಗುಂಬಳದ ಚೂರನ್ನು ತುಳಿಯದಂತೆ ಆಟೋಗಳು ಬಳಸಿಕೊಂಡು ಹೋಗುತ್ತಿದ್ದವು.

"ಆ ಫೈಲಿಗೆ ಮುಂದೆ ಗೀಟು ಯಾಕೆ ಸಾರ್?"

"ಪಟ್ಟಿಲಿ ದೇವರು ಮೊದಲು ಬರ್ಲಿ ಅಂತ."

ಅವಳು ಲೋಟ ಕೆಳಗಿಟ್ಟಳು. "ಹೆಸರಿನ ಮುಂದೆ ಎರಡು ಗೀಟು ಬೇರೆಯಾಗಿ ಹಾಕಿದ್ರೆ ಸಾಕಾಗಿತ್ತು. ಆಜ್ಞೆ ಎಲ್ಲ ಮುಗೀತು, ಇನ್ನು ಬರೋದು ಫೈಲು ಅಂತ ಅರ್ಥ. ಗೊತ್ತಿತ್ತು ನಂಗೆ. ಎಲ್ಲಾರೂ ನೋಡ್ತಿದ್ರಲ್ಲ, ತಲೆಗೇ ಬರ್ಲಿಲ್ಲ." ಆಮೇಲೆ, "ಹೀಗಾಗತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?"

ಸುಳ್ಳು ನಾಲಿಗೆಯ ತುದಿಯವರೆಗೆ ಬಂದು ಟೀ ಬಿಸಿಗೆ ಹಿಂದೆ ಸರಿಯಿತು. "ಮೂರು ದಿನದಿಂದ" ಅಂದ ಸಿದ್ದರಾಜು.

ಅವಳು ಬೈಯುತ್ತಾಳೆ ಅಂತ ಕಾದ. ಅವಳು ಹೇಳಿದಳು: "ಮೊನ್ನೆ ನಿಮ್ಮ ಹಳೇ ಪ್ರೋಗ್ರಾಂ ಅಳಿಸಿಬಿಡೋಣ ಅಂತ ಹೋಗಿದ್ದೆ. ಬಿಡ್ಲಿಲ್ಲ ಅದು. ಬೀಗ ಹಾಕಿದ್ರಿ."

"ನಿಂಗೇನಮ್ಮ ಕಷ್ಟ? ಎಲ್ಲಾರೂ ನಿಂದೇ ಬಳಸ್ತಾರಲ್ಲ."

"ಬಳಸ್ತಾರೆ. ಅದು ತಪ್ಪೋದಿಲ್ಲ, ಅದಕ್ಕೇ ಯಾರೂ ನನ್ನ ಕರೆಯೋದೂ ಇಲ್ಲ. ಊಟದ ಹೊತ್ತಲ್ಲಿ ನೀವು ಹೆಂಗೆ ನಡ್ಕೊಂಡ್ ಬರ್ತಿದ್ರಿ, ಹೆಂಗೆ 'ಹೂಂ' ಅಂತಿದ್ರಿ, ಇವತ್ತಿಗೂ ಅದೇ ಮಾತು. ನನ್ನ ಹೆಸರು ಅರ್ಧ ಜನಕ್ಕೆ ಗೊತ್ತಿಲ್ಲ ಸಾರ್. ರೇಣವ್ವ ನನ್ನ 'ಹಸಿರು ಚೀಲದ ಹುಡುಗಿ' ಅಂತಾಳೆ."

ಸಿದ್ದರಾಜುವಿನ ಒಳಗೆ ಏನೋ ತಣ್ಣಗಾಯಿತು. ತನ್ನನ್ನು ನೋಡಿ ಇನ್ನೊಬ್ಬರ ಹೊಟ್ಟೆ ಉರಿದಿದೆ ಅನ್ನುವುದಕ್ಕಿಂತ ಒಳ್ಳೆಯ ಮಜ್ಜಿಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಎರಡನೇ ಟೀ ಹೇಳಿದ.

ಅಷ್ಟರಲ್ಲಿ ಮುನಿಯಕ್ಕ ಕಡ್ಲೆಪುರಿ ಪೊಟ್ಟಣ ಹಿಡಿದು ರಸ್ತೆ ದಾಟಿ ಬಂದಳು. ಇಬ್ಬರ ಕೈಗೂ ಒಂದೊಂದು ಇಟ್ಟು, "ಮುಂದಿನ ವರ್ಷಕ್ಕೆ ನಾನೊಂದು ರೇಷ್ಮೆ ಸೀರೆ ತಗೋಬೇಕು ಸಾರ್, ಎಲ್ಲಾರ್ ಮುಂದೆ ನಿಲ್ಬೇಕಲ್ಲ" ಅಂದು, ಕೈ ಹಿಂದೆ ಕಟ್ಟಿಕೊಂಡು ವಾಪಸು ಹೋದಳು. ಹದಿನೈದು ಹೆಜ್ಜೆ. ಸಿದ್ದರಾಜು ಎಣಿಸಿದ.

"ಇನ್ನೂ ಒಂದು ವರ್ಷ ಇದೆ ಸಾರ್" ಅಂದಳು ಸಂಘಮಿತ್ರಾ, ಪುರಿ ಬಾಯಿಗೆ ಹಾಕದೆ.

"ಇದೆ" ಅಂದ ಸಿದ್ದರಾಜು.

ಒಳಗೆ ಹೋಗಿ ಅವನು ಮಾನಿಟರಿನ ಕೆಳಗಿದ್ದ ಎರಡೂ ಪುಸ್ತಕವನ್ನು ಎಳೆದು, ಒಂದನ್ನು ಅವಳಿಗೆ ಕೊಟ್ಟ, ಇನ್ನೊಂದರ ಪ್ಲಾಸ್ಟಿಕ್ಕನ್ನು ಉಗುರಿನಿಂದ ಹರಿದ. ಮಾನಿಟರ್ ಗೇಣುದ್ದ ಕೆಳಗಿಳಿಯಿತು. ಈಗ ಅದರ ಮೇಲಿಂದ ಮುನಿಯಕ್ಕನ ಕುರ್ಚಿ ನೇರವಾಗಿ ಕಾಣುತ್ತಿತ್ತು, ಅದರ ಬೆನ್ನಿಗೆ ಯಾರೋ ಆಗಲೇ ಒಂದು ಚೆಂಡುಹೂವಿನ ಹಾರ ಹಾಕಿದ್ದರು.